ಹನ್ನೆರಡು ಲೀಟರ್ ಎಣ್ಣೆ, ಒಂದು ಕೋಳಿ

ನವೆಂಬರ್ ಎರಡನೇ ವಾರ ಕಳೆಯಿತೆಂದರೆ ಅಮೆರಿಕದ ದಕ್ಷಿಣ ರಾಜ್ಯಗಳ ಸೂಪರ್‌ಮಾರ್ಕೆಟ್‌ಗಳಲ್ಲಿ ಎಣ್ಣೆಯ ಕ್ಯಾನುಗಳು ಮೂಲೆ ಬಿಟ್ಟು ಬಾಗಿಲ ಹತ್ತಿರ ಬಂದು ಕೂರುತ್ತವೆ. ಲೀಟರಿನ ಬಾಟಲಿಗಳಲ್ಲ, ಮೂರು ಗ್ಯಾಲನ್, ಅಂದರೆ ಹನ್ನೊಂದು ಲೀಟರಿಗೂ ಮಿಕ್ಕಿ ಹಿಡಿಯುವ ಕ್ಯಾನುಗಳು. ಪಕ್ಕದಲ್ಲೇ ಅಲ್ಯೂಮಿನಿಯಂ ಹಂಡೆ, ಗ್ಯಾಸ್ ಬರ್ನರ್, ಉದ್ದನೆಯ ಕೊಕ್ಕೆ, ಥರ್ಮಾಮೀಟರ್. ತಿಂಗಳ ನಾಲ್ಕನೇ ಗುರುವಾರ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಇಡೀ ಟರ್ಕಿ ಕೋಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಕರಿಯುವವರ ಸಾಮಾನು ಇದು. ಆ ಸಾಲಿನ ಮುಂದೆ ಗಾಡಿ ನಿಲ್ಲಿಸಿಕೊಂಡವರಿಗೆಲ್ಲ ಒಂದೇ ಪ್ರಶ್ನೆ: ಯಾವ ಎಣ್ಣೆ?

ಉತ್ತರ ಸಿದ್ಧವಾಗಿಯೇ ಇರುತ್ತದೆ. ಹಬ್ಬದ ಹೊತ್ತಿಗೆ ಅಡುಗೆ ಪುಟಗಳಲ್ಲಿ ಒಂದು ಪಟ್ಟಿ ಅಚ್ಚಾಗುತ್ತದೆ. ಯಾವ ಎಣ್ಣೆ ಎಷ್ಟು ಬಿಸಿಗೆ ಹೊಗೆಯಾಡುತ್ತದೆ ಎಂಬ ಅಂಕಿಗಳ ಪಟ್ಟಿ ಅದು. ಮೇಲಿರುವ ಎಣ್ಣೆ ಒಳ್ಳೆಯದು, ಕೆಳಗಿರುವುದು ಕೆಟ್ಟದ್ದು. ಅಲ್ಲಿಗೆ ವಿಷಯ ಮುಗಿಯಿತು. ಅಂಕಿಗಳೇನೂ ಸುಳ್ಳಲ್ಲ. ಆದರೆ ವರ್ಷಕ್ಕೊಂದು ಕೋಳಿ ಕರಿಯುವ ಮನೆಯವರು ಅವನ್ನು ಕಟ್ಟಕಡೆಗೆ ನೋಡಿದರೂ ನಡೆಯುತ್ತದೆ. ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡಿವೆ. ಊಟಕ್ಕೆ ಯಾರು ಬರುತ್ತಾರೆ? ಕೋಳಿ ಎತ್ತಿದ ಮೇಲೆ ಹಂಡೆಯಲ್ಲಿ ಉಳಿಯುವ ಹನ್ನೆರಡು ಲೀಟರ್ ಎಣ್ಣೆಯ ಗತಿ ಏನು?

ಟರ್ಕಿ ಕರಿಯುವುದು ಅಮೆರಿಕದ ತೀರಾ ಹಳೆಯ ಪದ್ಧತಿಯೇನಲ್ಲ. ಇಡೀ ದೇಶ ಥ್ಯಾಂಕ್ಸ್‌ಗಿವಿಂಗ್ ಆಚರಿಸಲಿ ಎಂದು ಅಬ್ರಹಾಂ ಲಿಂಕನ್ ಕರೆ ಕೊಟ್ಟದ್ದು 1863ರಲ್ಲಿ. ನಾಲ್ಕನೇ ಗುರುವಾರವೇ ಹಬ್ಬ ಎಂದು ಅಲ್ಲಿನ ಸಂಸತ್ತು ಗೊತ್ತುಮಾಡಿದ್ದು 1941ರಲ್ಲಿ. ಆಗೆಲ್ಲ ಬಹುತೇಕ ಮನೆಗಳಲ್ಲಿ ಕೋಳಿ ಬೇಯುತ್ತಿದ್ದದ್ದು ಓವನ್‌ನಲ್ಲೇ. ಕರಿಯುವ ರೂಢಿ ಬೆಳೆದದ್ದು ಲೂಸಿಯಾನ ರಾಜ್ಯದ ಜೌಗುನಾಡಿನಲ್ಲಿ, ಫ್ರೆಂಚ್ ಮೂಲದ ಕೇಜನ್ ಜನರ ಹಿತ್ತಿಲುಗಳಲ್ಲಿ. ಸಿಗಡಿಯನ್ನು ಹೋಲುವ ಕ್ರಾಫಿಶ್ ಎಂಬ ಸಿಹಿನೀರಿನ ಜೀವಿಯನ್ನು ರಾಶಿಗಟ್ಟಲೆ ಬೇಯಿಸಲು ಅವರ ಬಳಿ ದೊಡ್ಡ ಹಂಡೆಗಳೂ ಗ್ಯಾಸ್ ಒಲೆಗಳೂ ಇದ್ದವು. ಅದೇ ಹಂಡೆಗೆ ನೀರಿನ ಬದಲು ಎಣ್ಣೆ ಬಂತು, ಕ್ರಾಫಿಶ್ ಬದಲು ಕೋಳಿ ಇಳಿಯಿತು. ಟಿವಿಯಲ್ಲಿ ಹೆಸರಾಗಿದ್ದ ಕೇಜನ್ ಅಡುಗೆಗಾರ ಜಸ್ಟಿನ್ ವಿಲ್ಸನ್ ತಾವು 1930ರ ದಶಕದಲ್ಲೇ ಇದನ್ನು ಕಂಡಿದ್ದಾಗಿ ಹೇಳಿಕೊಂಡಿದ್ದರು. 1996ರಲ್ಲಿ ಮಾರ್ಥಾ ಸ್ಟುವರ್ಟ್ ಅವರ ಪತ್ರಿಕೆ ಇದರ ಬಗ್ಗೆ ಬರೆದಾಗ ಉತ್ತರದ ನಗರಗಳ ಅಡುಗೆಮನೆಗಳಿಗೂ ಆಸೆ ಹತ್ತಿತು.

ಆಸೆಗೆ ಕಾರಣ ಸರಳ. ಹನ್ನೆರಡು ಪೌಂಡಿನ, ಅಂದರೆ ಸುಮಾರು ಐದೂವರೆ ಕಿಲೋ ತೂಕದ ಕೋಳಿ ಓವನ್‌ನಲ್ಲಿ ಬೇಯಲು ಮೂರು ಗಂಟೆ ಹಿಡಿಯುತ್ತದೆ. ಎಣ್ಣೆಯಲ್ಲಾದರೆ ಪೌಂಡಿಗೆ ಮೂರರಿಂದ ಐದು ನಿಮಿಷದ ಲೆಕ್ಕ, ಹೆಚ್ಚು ಕಡಿಮೆ ಮುಕ್ಕಾಲು ಗಂಟೆ. ಚರ್ಮ ಹಪ್ಪಳದಂತೆ ಗರಿಗರಿ, ಒಳಗಿನ ಎದೆಮಾಂಸ ಒಣಗದೆ ಮೆತ್ತಗೆ. ಓವನ್ ಖಾಲಿಯಿರುವುದರಿಂದ ಕುಂಬಳದ ಪೈ, ಗೆಣಸು ಎಲ್ಲಕ್ಕೂ ಜಾಗ. ಥ್ಯಾಂಕ್ಸ್‌ಗಿವಿಂಗ್‌ಗೆ ಅಮೆರಿಕನ್ನರು ತಿನ್ನುವ ಟರ್ಕಿಗಳ ಸಂಖ್ಯೆ ಸುಮಾರು 4.6 ಕೋಟಿ ಎಂಬುದು ಆ ದೇಶದ ಟರ್ಕಿ ಸಾಕಣೆದಾರರ ಒಕ್ಕೂಟದ ಅಂದಾಜು. ಅದರಲ್ಲಿ ಒಂದು ಸಣ್ಣ ಪಾಲು ಹಂಡೆಗೆ ಇಳಿದರೂ ಎಣ್ಣೆ ಕೊಳಗದ ಲೆಕ್ಕದಲ್ಲಿ ಬೇಕು.

ಇನ್ನು ಹೊಗೆಯ ವಿಚಾರ. ಟರ್ಕಿ ಕರಿಯಲು ಬೇಕಾದ ಬಿಸಿ ಸುಮಾರು 177 ಡಿಗ್ರಿ ಸೆಲ್ಸಿಯಸ್, ಅಲ್ಲಿನವರ ಮಾತಿನಲ್ಲಿ 350 ಡಿಗ್ರಿ ಫ್ಯಾರನ್‌ಹೀಟ್. ರಿಫೈನ್ಡ್ ಕಡಲೆಕಾಯಿ ಎಣ್ಣೆ ಹೊಗೆಯಾಡಲು ಶುರುವಾಗುವುದು ಸುಮಾರು 230 ಡಿಗ್ರಿಗೆ. ಸೋಯಾ, ಮೆಕ್ಕೆಜೋಳ, ಸೂರ್ಯಕಾಂತಿ, ಅಕ್ಕಿತೌಡಿನ ರಿಫೈನ್ಡ್ ಎಣ್ಣೆಗಳೂ ಅದರ ಆಸುಪಾಸಿನಲ್ಲೇ ಇವೆ. ಹತ್ತಿಬೀಜದೆಣ್ಣೆ, ಕನೋಲಾ ತುಸು ಕೆಳಗೆ, ಆದರೂ 200 ದಾಟಿದವು. ಪಾಸಾಗಲು ಮೂವತ್ತೈದು ಅಂಕ ಸಾಕಿರುವ ಪರೀಕ್ಷೆಯಲ್ಲಿ ಎಲ್ಲರೂ ಅರವತ್ತರ ಮೇಲೆ ತೆಗೆದಿರುವಾಗ ಮೊದಲ ರ‍್ಯಾಂಕ್ ಯಾರಿಗೆಂದು ಹಟ ಹಿಡಿಯುವುದರಲ್ಲಿ ಅರ್ಥವಿಲ್ಲ. ಈ ಪರೀಕ್ಷೆಯಲ್ಲಿ ಅನುಮಾನದಂಚಿನಲ್ಲಿ ಇರುವುದು ಬೆಣ್ಣೆ, ರಿಫೈನ್ ಮಾಡದ ಎಣ್ಣೆಗಳು, ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆಯಂಥವು ಮಾತ್ರ. ಹನ್ನೆರಡು ಲೀಟರ್ ಆಲಿವ್ ಎಣ್ಣೆ ಸುರಿಯುವ ಧೈರ್ಯ ಯಾರ ಕಿಸೆಗೂ ಇರಲಾರದು, ಅದು ಬೇರೆ ಮಾತು.

ಹೊಗೆಯಾಡುವ ಅಂಕಿಯೇ ಎಣ್ಣೆಯ ಯೋಗ್ಯತೆ ಎನ್ನುವವರು ಒಮ್ಮೆ ಮಂಗಳೂರು, ಉಡುಪಿಯ ಅಡುಗೆಮನೆಗಳನ್ನು ನೋಡಬೇಕು. ಅಲ್ಲಿ ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್ ತೆಂಗಿನೆಣ್ಣೆಯಲ್ಲೇ ಬೆಂದು ಬರುತ್ತವೆ. ರಿಫೈನ್ ಮಾಡದ ತೆಂಗಿನೆಣ್ಣೆ ಹೊಗೆಯಾಡುವ ಬಿಸಿ ಪಟ್ಟಿಗಳ ಪ್ರಕಾರ ಸುಮಾರು 177 ಡಿಗ್ರಿಯೇ, ಅಂದರೆ ಅಂಕಪಟ್ಟಿಯಲ್ಲಿ ಅದು ಫೇಲು. ಆದರೂ ಆ ಚಿಪ್ಸ್ ವಾರಗಟ್ಟಲೆ ಕಮಟು ಹಿಡಿಯದೆ ಉಳಿಯುತ್ತದೆ. ತೆಂಗಿನೆಣ್ಣೆಯ ಕೊಬ್ಬಿನಲ್ಲಿ ಶೇ 90ರಷ್ಟು ಪರ್ಯಾಪ್ತ ಕೊಬ್ಬು. ಗಾಳಿಯ ಆಮ್ಲಜನಕ ಅದನ್ನು ಸುಲಭಕ್ಕೆ ಕೆಡಿಸಲಾರದು. 2018ರಲ್ಲಿ ಆಸ್ಟ್ರೇಲಿಯಾದ ಪ್ರಯೋಗಾಲಯವೊಂದು ಹತ್ತು ಬಗೆಯ ಎಣ್ಣೆ ಕಾಯಿಸಿ ನೋಡಿ, ಯಾವುದು ಬೇಗ ಕೆಡುತ್ತದೆ ಎಂಬುದನ್ನು ಹೊಗೆಯಾಡುವ ಅಂಕಿಯಿಂದ ಊಹಿಸಲಾಗದು ಎಂದು ಹೇಳಿತು. ಅದರ ಪ್ರಕಾರ ಎಲ್ಲಕ್ಕಿಂತ ಚೆನ್ನಾಗಿ ತಡೆದುಕೊಂಡದ್ದು ಎಕ್ಸ್‌ಟ್ರಾ ವರ್ಜಿನ್ ಆಲಿವ್ ಎಣ್ಣೆ. ಆ ಪ್ರಯೋಗಾಲಯ ಆಲಿವ್ ಎಣ್ಣೆ ಕಂಪನಿಗೆ ಸೇರಿದ್ದು ಎಂಬುದನ್ನೂ ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಆದರೆ ಹೊಗೆಗೂ ಕೆಡುವಿಕೆಗೂ ನೇರ ನಂಟಿಲ್ಲ ಎಂಬ ಮಾತಿಗೆ ತೆಂಗಿನೆಣ್ಣೆಯ ಬಾಣಲೆಯೇ ಸಾಕ್ಷಿ.

ಕ್ಯಾನಿನ ಮೇಲಿನ ಅಂಕಿ ಹೊಸ ಎಣ್ಣೆಯದು ಎಂಬುದೂ ಮರೆತುಹೋಗುತ್ತದೆ. ಕೋಳಿ ಇಳಿದ ಕ್ಷಣದಿಂದ ಎಣ್ಣೆ ಬದಲಾಗತೊಡಗುತ್ತದೆ. ಮಾಂಸದ ನೀರು ಕಾದ ಎಣ್ಣೆಯ ಕಣಗಳನ್ನು ಒಡೆದು ಕೊಬ್ಬಿನಾಮ್ಲಗಳನ್ನು ಬಿಡಿಬಿಡಿ ಮಾಡುತ್ತದೆ. ಹೊಗೆ ಬೇಗ ಏಳುವಂತೆ ಮಾಡುವುದು ಈ ಬಿಡಿ ಆಮ್ಲಗಳೇ. ಗಾಳಿ ತಾಗಿ ಎಣ್ಣೆ ಕಮಟು ಹಿಡಿಯುತ್ತದೆ, ಕಣಗಳು ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗುತ್ತದೆ. ರಿಫೈನ್ ಮಾಡುವುದೆಂದರೆ ಮುಖ್ಯವಾಗಿ ಆ ಬಿಡಿ ಆಮ್ಲಗಳನ್ನೂ ಬಣ್ಣವನ್ನೂ ವಾಸನೆಯನ್ನೂ ತೆಗೆಯುವುದು. ಆದ್ದರಿಂದ ಯಾವ ಬೀಜದ ಎಣ್ಣೆ ಎಂಬುದಕ್ಕಿಂತ ರಿಫೈನ್ಡ್ ಹೌದೋ ಅಲ್ಲವೋ, ಹೊಸದೋ ಹಳೆಯದೋ ಎಂಬುದು ಹೆಚ್ಚು ಮುಖ್ಯ. ಊರಿಂದ ಬಂದವರು ಪ್ರೀತಿಯಿಂದ ಹೊತ್ತುತಂದ ಗಾಣದ ಎಣ್ಣೆ ಚಟ್ನಿಪುಡಿಗೆ, ಒಗ್ಗರಣೆಗೆ ಚಿನ್ನದಂಥದ್ದು. ಅದನ್ನು ಈ ಹಂಡೆಗೆ ಸುರಿದರೆ ಎಣ್ಣೆಗೂ ನಷ್ಟ, ಕೋಳಿಗೂ ನಷ್ಟ.

ಎಲ್ಲ ರಿಫೈನ್ಡ್ ಎಣ್ಣೆಗಳೂ ಒಂದೇ ಎಂದಲ್ಲ. ಸೋಯಾ ಎಣ್ಣೆಯಲ್ಲಿ ಲಿನೊಲೆನಿಕ್ ಆಮ್ಲ ಶೇ 7ರಷ್ಟು, ಕನೋಲಾದಲ್ಲಿ ಶೇ 9ರಷ್ಟು ಇರುತ್ತದೆ. ಹೃದಯಕ್ಕೆ ಒಳ್ಳೆಯದೆಂದು ವೈದ್ಯರು ಮೆಚ್ಚುವ ಒಮೆಗಾ-3 ಅದೇ. ಬಾಣಲೆಯಲ್ಲಿ ಮಾತ್ರ ಅದು ಎಲ್ಲರಿಗಿಂತ ಮೊದಲು ಕೆಟ್ಟು ಮೀನಿನಂಥ ವಾಸನೆ ಕೊಡುತ್ತದೆ. ಇದಕ್ಕೆ ಮದ್ದೆಂದು ಅಮೆರಿಕದ ಹೋಟೆಲುಗಳು ದಶಕಗಟ್ಟಲೆ ಸೋಯಾ ಎಣ್ಣೆಯನ್ನು ಅರೆ ಹೈಡ್ರೋಜನೀಕರಿಸಿ ಬಳಸಿದವು. ಮದ್ದೇ ರೋಗವಾಯಿತು. ಅದರಿಂದ ಬಂದ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಕೆಟ್ಟದ್ದೆಂದು ಖಚಿತವಾದ ಮೇಲೆ 2015ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತ ಅಂಥ ಎಣ್ಣೆ ಸುರಕ್ಷಿತವಲ್ಲ ಎಂದು ತೀರ್ಮಾನಿಸಿತು, ತಯಾರಕರಿಗೆ 2018ರ ಜೂನ್‌ವರೆಗೆ ಗಡುವು ಕೊಟ್ಟಿತು. ಭಾರತದಲ್ಲಿ ಟ್ರಾನ್ಸ್ ಕೊಬ್ಬಿಗೆ ಶೇ 2ರ ಮಿತಿ ಜಾರಿಗೆ ಬಂದದ್ದು 2022ರ ಜನವರಿಯಲ್ಲಿ.

ಕಡಲೆಕಾಯಿ ಎಣ್ಣೆಗೆ ಇಂಥ ಕಷ್ಟವಿಲ್ಲ. ಅದರಲ್ಲಿ ಲಿನೊಲೆನಿಕ್ ಆಮ್ಲ ಇಲ್ಲವೆನ್ನುವಷ್ಟು ಕಡಿಮೆ. ಅರ್ಧದಷ್ಟು ಇರುವುದು ಗಟ್ಟಿ ಸ್ವಭಾವದ ಓಲಿಕ್ ಆಮ್ಲ. ಲೂಸಿಯಾನದವರು ಇದನ್ನೇ ಮೆಚ್ಚಿದ್ದಕ್ಕೆ ರಸಾಯನಶಾಸ್ತ್ರ ಕಾರಣವಲ್ಲ, ನೆರೆಹೊರೆ ಕಾರಣ. ಅಮೆರಿಕದ ಕಡಲೆಕಾಯಿಯಲ್ಲಿ ಅರ್ಧದಷ್ಟು ಬೆಳೆಯುವುದು ಜಾರ್ಜಿಯಾ ರಾಜ್ಯವೊಂದರಲ್ಲೇ. ಅಲ್ಲಿನ ಪ್ಲೇನ್ಸ್ ಊರಿನ ಕಡಲೆಕಾಯಿ ಬೆಳೆಗಾರ ಜಿಮ್ಮಿ ಕಾರ್ಟರ್ 1977ರಲ್ಲಿ ದೇಶದ ಅಧ್ಯಕ್ಷರಾದರು.

ಹಂಡೆಯಲ್ಲಿ ಸೇರುವ ಎರಡೂ ಅಮೆರಿಕ ಖಂಡಗಳ ಸ್ವಂತ ಮಕ್ಕಳು. ಕಡಲೆಕಾಯಿ ದಕ್ಷಿಣ ಅಮೆರಿಕದ್ದು, ಟರ್ಕಿ ಕೋಳಿಯನ್ನು ಮೊದಲು ಸಾಕಿದ್ದು ಮೆಕ್ಸಿಕೊದ ಮೂಲನಿವಾಸಿಗಳು. ಇಂಗ್ಲಿಷರು ಆ ಹಕ್ಕಿಗೆ ತುರ್ಕಿಯ ಹೆಸರಿಟ್ಟರು. ತುರ್ಕಿಯವರು ಅದನ್ನು ‘ಹಿಂದಿ’ ಎಂದು ಕರೆದು ಭಾರತದ ತಲೆಗೆ ಕಟ್ಟಿದರು. ನಿಜವಾಗಿ ಭಾರತಕ್ಕೆ ಅದು ಅಪರೂಪದ ಅತಿಥಿಯಾಗಿ ಬಂದದ್ದು ಪೋರ್ಚುಗೀಸರ ಗೋವಾ ಮೂಲಕ. 1612ರಲ್ಲಿ ಆಸ್ಥಾನಿಕ ಮುಕರ್ರಬ್ ಖಾನ್ ಗೋವಾದಿಂದ ತಂದೊಪ್ಪಿಸಿದ ಟರ್ಕಿಯನ್ನು ಕಂಡು ಬೆರಗಾದ ಮೊಗಲ್ ಬಾದಶಹ ಜಹಾಂಗೀರ್ ಅದರ ಚಿತ್ರ ಬರೆಸಿದ. ಆಸ್ಥಾನದ ಕಲಾವಿದ ಮನ್ಸೂರ್ ಬರೆದ ಆ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಟರ್ಕಿ ಚಿತ್ರದಲ್ಲೇ ಉಳಿಯಿತು, ಕಡಲೆಕಾಯಿ ಮಾತ್ರ ಇಲ್ಲಿನ ಮಣ್ಣಿಗಿಳಿಯಿತು. ಉತ್ತರ ಕರ್ನಾಟಕದಲ್ಲಿ ಶೇಂಗಾ ಆಯಿತು, ಚಳ್ಳಕೆರೆಗೆ ಎಣ್ಣೆ ಗಿರಣಿಗಳನ್ನು ತಂದಿತು, ಬಸವನಗುಡಿಯಲ್ಲಿ ಪರಿಷೆಯನ್ನೇ ಕಟ್ಟಿಕೊಂಡಿತು. ಆ ಪರಿಷೆ ನಡೆಯುವ ಕಾರ್ತಿಕದ ಕೊನೆಯ ಸೋಮವಾರ 2024ರಲ್ಲಿ ನವೆಂಬರ್ 25ಕ್ಕೆ ಬಿದ್ದಿತ್ತು. ದೊಡ್ಡ ಬಸವಣ್ಣನ ಮುಂದೆ ಕಡಲೆಕಾಯಿ ರಾಶಿ ಬಿದ್ದ ಮೂರೇ ದಿನಕ್ಕೆ ಅಮೆರಿಕದ ಹಿತ್ತಿಲುಗಳಲ್ಲಿ ಅದರ ಎಣ್ಣೆ ಕಾಯುತ್ತಿತ್ತು.

ಓಲಿಕ್ ಆಮ್ಲ ಹೆಚ್ಚಿರುವ ತಳಿಗಳು ಈಗ ಈ ಲೆಕ್ಕವನ್ನು ಇನ್ನಷ್ಟು ಬದಲಿಸಿವೆ. ಫ್ಲಾರಿಡಾ ವಿಶ್ವವಿದ್ಯಾಲಯದ ತಳಿವಿಜ್ಞಾನಿಗಳು 1980ರ ದಶಕದಲ್ಲಿ ಅಂಥ ಕಡಲೆಕಾಯಿಯನ್ನು ಗುರುತಿಸಿದರು. ಭಾರತದಲ್ಲಿ ಜುನಾಗಢದ ಸಂಶೋಧನಾಲಯ ಮತ್ತು ಪಟಾಂಚೆರುವಿನ ಇಕ್ರಿಸ್ಯಾಟ್ ಸೇರಿ ಗಿರ್ನಾರ್-4, ಗಿರ್ನಾರ್-5 ತಳಿಗಳನ್ನು ತಂದಿವೆ. ಅವುಗಳ ಎಣ್ಣೆಯಲ್ಲಿ ಓಲಿಕ್ ಪಾಲು ಶೇ 80ರ ಹತ್ತಿರ. ಅದೇ ಬಗೆಯ ಸೂರ್ಯಕಾಂತಿ, ಕನೋಲಾ ಎಣ್ಣೆಗಳೂ ಅಮೆರಿಕದ ಅಂಗಡಿಗಳಲ್ಲಿ ಸಿಗುತ್ತವೆ. ಕಡಲೆಕಾಯಿ ಎಣ್ಣೆ ಇಲ್ಲದಿದ್ದರೆ ಟರ್ಕಿಯೇ ಅಲ್ಲ ಎನ್ನುವವರ ಹಟಕ್ಕೆ ಈಗ ರುಚಿಯ ಅಭ್ಯಾಸ ಬಿಟ್ಟರೆ ಬೇರೆ ಆಧಾರವಿಲ್ಲ.

ಬೆಲೆಯೂ ಇದೆ. ಕಡಲೆಕಾಯಿ ಎಣ್ಣೆ ಕನೋಲಾಕ್ಕಿಂತ, ಸೋಯಾಕ್ಕಿಂತ ತುಟ್ಟಿ. ಅದಕ್ಕೇ ಕೆಲವು ಕ್ಯಾನುಗಳ ಮುಂಭಾಗದಲ್ಲಿ ಕಡಲೆಕಾಯಿ ದೊಡ್ಡದಾಗಿ ಕಾಣುತ್ತದೆ, ಹಿಂಭಾಗದ ಸಣ್ಣಕ್ಷರದಲ್ಲಿ ಸೋಯಾ ಮೊದಲು ಬರುತ್ತದೆ. ಅದು ಮೋಸವಲ್ಲ, ಮಿಶ್ರಣ ಎಂದು ಬರೆದಿರುತ್ತಾರೆ. ಆದರೆ ಓದುವವರು ಬೇಕಲ್ಲ.

ಓದಲೇಬೇಕಾದವರು ಅಲರ್ಜಿ ಇರುವ ಮಗುವಿನ ತಾಯ್ತಂದೆ. ಅಮೆರಿಕದಲ್ಲಿ ಕಡಲೆಕಾಯಿ ಅಲರ್ಜಿ ಸಣ್ಣ ಮಾತಲ್ಲ. ಶಾಲೆಗಳಲ್ಲಿ ಅದಕ್ಕೆಂದೇ ಪ್ರತ್ಯೇಕ ಊಟದ ಮೇಜುಗಳಿವೆ. ಅಲರ್ಜಿ ತರುವುದು ಕಡಲೆಕಾಯಿಯ ಪ್ರೋಟೀನ್. ಪೂರ್ತಿ ರಿಫೈನ್ ಆದ ಎಣ್ಣೆಯಲ್ಲಿ ಅದು ಬಹುಪಾಲು ಹೋಗಿರುತ್ತದೆ. 1997ರಲ್ಲಿ ಬ್ರಿಟನ್ನಿನ ವೈದ್ಯರು ಕಡಲೆಕಾಯಿ ಅಲರ್ಜಿಯ 60 ಮಂದಿಗೆ ಎರಡೂ ಬಗೆಯ ಎಣ್ಣೆ ಕೊಟ್ಟು ನೋಡಿದರು. ರಿಫೈನ್ಡ್ ಎಣ್ಣೆ ಒಬ್ಬರಿಗೂ ತೊಂದರೆ ಕೊಡಲಿಲ್ಲ; ಕಚ್ಚಾ ಎಣ್ಣೆ ಆರು ಮಂದಿಗೆ ತೊಂದರೆ ಕೊಟ್ಟಿತು. ಅಮೆರಿಕದ ಅಲರ್ಜಿ ಕಾನೂನು ಪೂರ್ತಿ ರಿಫೈನ್ ಆದ ಎಣ್ಣೆಗೆ ವಿನಾಯಿತಿ ಕೊಟ್ಟಿರುವುದೂ ಇದೇ ತರ್ಕದ ಮೇಲೆ. ಗಾಣದ ಎಣ್ಣೆ, ಕೋಲ್ಡ್ ಪ್ರೆಸ್ಡ್ ಎಂಬ ದುಬಾರಿ ಬಾಟಲಿ ಈ ವಿನಾಯಿತಿಗೆ ಬರುವುದಿಲ್ಲ.

ಹೀಗಿದ್ದರೂ ಪಕ್ಕದ ಮನೆಯ ಮಗುವನ್ನು ಕೂರಿಸಿಕೊಂಡು ಅರವತ್ತು ಜನರ ಪ್ರಯೋಗ ವಿವರಿಸುವುದು ಆತಿಥ್ಯವಲ್ಲ. ಅಲರ್ಜಿ ಇರುವವರು ಒಬ್ಬರೇ ಬಂದರೂ ಕನೋಲಾವನ್ನೋ ಸೂರ್ಯಕಾಂತಿಯನ್ನೋ ಹಾಕುವುದು ಸಲೀಸು, ಖರ್ಚೂ ಕಡಿಮೆ. 2023ರಿಂದ ಎಳ್ಳೂ ಅಮೆರಿಕದ ಮುಖ್ಯ ಅಲರ್ಜಿಗಳ ಪಟ್ಟಿಯಲ್ಲಿದೆ. ಎಳ್ಳೆಣ್ಣೆ ಬಳಸುವ ಮನೆಗಳು ಅದನ್ನೂ ನೆನಪಿಡಬೇಕು.

ಕಳೆದ ಒಂದೆರಡು ವರ್ಷಗಳಲ್ಲಿ ಈ ಹಂಡೆಗೆ ರಾಜಕೀಯವೂ ಇಳಿದಿದೆ. 2024ರ ಥ್ಯಾಂಕ್ಸ್‌ಗಿವಿಂಗ್ ಹೊತ್ತಿನಲ್ಲಿ ರಾಬರ್ಟ್ ಎಫ್. ಕೆನಡಿ ಜೂನಿಯರ್ ದನದ ಕೊಬ್ಬಿನಲ್ಲಿ ಟರ್ಕಿ ಕರಿಯುವ ವಿಡಿಯೊ ಹಂಚಿಕೊಂಡರು. ಕೆಲವೇ ತಿಂಗಳಲ್ಲಿ ದೇಶದ ಆರೋಗ್ಯ ಸಚಿವರಾದರು. ಬೀಜದೆಣ್ಣೆಗಳು ಜನರ ಆರೋಗ್ಯ ಹಾಳುಮಾಡಿವೆ, ಹಳೆಯ ಪ್ರಾಣಿಕೊಬ್ಬೇ ಒಳ್ಳೆಯದು ಎಂಬುದು ಅವರ ವಾದ. ಪರ್ಯಾಪ್ತ ಕೊಬ್ಬಿನ ಬದಲು ಸಸ್ಯಜನ್ಯ ಎಣ್ಣೆ ಬಳಸಿ ಎಂಬ ಸಲಹೆಯನ್ನು ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಬಿಟ್ಟುಕೊಟ್ಟಿಲ್ಲ. ಕರಿಯುವ ಗುಣವೊಂದನ್ನೇ ನೋಡಿದರೆ ದನದ ಕೊಬ್ಬು ಗಟ್ಟಿಯಾದದ್ದೇ, ಬೇಗ ಕೆಡುವುದಿಲ್ಲ. ವರ್ಷಕ್ಕೊಮ್ಮೆ ತಿನ್ನುವ ಊಟ ಯಾರ ಹೃದಯವನ್ನೂ ಉಳಿಸುವುದಿಲ್ಲ, ಕೆಡಿಸುವುದೂ ಇಲ್ಲ.

ಆದರೆ ಆ ಮೇಜಿನ ಸುತ್ತ ಈಗ ಭಾರತೀಯ ಸಹೋದ್ಯೋಗಿಗಳೂ ನೆರೆಯವರೂ ಕೂರುತ್ತಾರೆ. ಕೋಳಿ ತಿನ್ನುವ ಕನ್ನಡಿಗರಲ್ಲಿ ಎಷ್ಟೋ ಮಂದಿ ದನದ ಕೊಬ್ಬು ಮುಟ್ಟರು. ಈ ವಿಚಾರ ಅಮೆರಿಕಕ್ಕೆ ಹೊಸತೂ ಅಲ್ಲ. ಮೆಕ್‌ಡೊನಾಲ್ಡ್ಸ್ 1990ರಲ್ಲಿ ದನದ ಕೊಬ್ಬು ಬಿಟ್ಟು ಸಸ್ಯಜನ್ಯ ಎಣ್ಣೆಗೆ ಬದಲಾಯಿತು. ಆಮೇಲೂ ಆಲೂಗಡ್ಡೆ ಫ್ರೈಗೆ ದನದ ಮಾಂಸದ ಸುವಾಸನೆ ಸೇರಿಸುತ್ತಿದ್ದದ್ದು ಬಯಲಾಗಿ 2001ರಲ್ಲಿ ಹಿಂದೂಗಳು, ಸಸ್ಯಾಹಾರಿಗಳು ಕೋರ್ಟಿಗೆ ಹೋದರು. ಮರುವರ್ಷ ಕಂಪನಿ ಕ್ಷಮೆ ಕೇಳಿ, ಒಂದು ಕೋಟಿ ಡಾಲರ್ ಕೊಡಲು ಒಪ್ಪಿತು. ದನದ ಕೊಬ್ಬಿನಲ್ಲಿ ಕರಿಯಲಿ, ಬೇಡವೆನ್ನುವವರು ಯಾರೂ ಇಲ್ಲ. ಬಡಿಸುವ ಮೊದಲು ಒಂದು ಮಾತು ಹೇಳಬೇಕಷ್ಟೆ.

ಈ ಎಲ್ಲ ಚರ್ಚೆಯ ಹಿಂದೆ ಅಡಗಿರುವ ದೊಡ್ಡ ವಿಷಯ ಬೆಂಕಿ. ಹೆಚ್ಚು ಬಿಸಿ ತಡೆಯುವ ಎಣ್ಣೆ ತಂದರೆ ಅನಾಹುತ ಆಗದು ಎಂಬ ನಂಬಿಕೆ ಹಲವರಿಗಿದೆ. ಅಮೆರಿಕದ ಅಗ್ನಿ ಸುರಕ್ಷತಾ ಸಂಘದ ಲೆಕ್ಕದಲ್ಲಿ ಮನೆಗಳಲ್ಲಿ ಅಡುಗೆಯಿಂದ ಅತಿ ಹೆಚ್ಚು ಬೆಂಕಿ ಹೊತ್ತುವ ದಿನ ಥ್ಯಾಂಕ್ಸ್‌ಗಿವಿಂಗ್. ಎಣ್ಣೆ ಬಳಸುವ ಟರ್ಕಿ ಫ್ರೈಯರ್‌ಗಳೇ ಬೇಡ, ಬೇಕಾದರೆ ಕರಿದ ಕೋಳಿಯನ್ನು ಹೊರಗಿನಿಂದ ಕೊಂಡುತನ್ನಿ ಎಂಬುದು ಅದರ ಸಲಹೆ. ಉಪಕರಣಗಳ ಸುರಕ್ಷತೆಗೆ ಮುದ್ರೆ ಒತ್ತುವ ಯುಎಲ್ ಸಂಸ್ಥೆ ಗ್ಯಾಸಿನ ಟರ್ಕಿ ಫ್ರೈಯರ್‌ಗಳಿಗೆ ಬಹುಕಾಲ ಮುದ್ರೆ ಕೊಡಲು ಒಪ್ಪಲೇ ಇಲ್ಲ. ಗ್ರಾಹಕ ಸುರಕ್ಷತಾ ಆಯೋಗ ಹಬ್ಬಕ್ಕೆ ಮೊದಲು ಹಿಮಗಟ್ಟಿದ ಕೋಳಿಯನ್ನು ಕಾದ ಎಣ್ಣೆಗೆ ಇಳಿಸಿ, ಜ್ವಾಲೆ ಆಳೆತ್ತರ ಚಿಮ್ಮುವುದನ್ನು ಜನರಿಗೆ ತೋರಿಸುತ್ತದೆ. ‘ಸ್ಟಾರ್ ಟ್ರೆಕ್’ ಖ್ಯಾತಿಯ ನಟ ವಿಲಿಯಂ ಶಾಟ್ನರ್ 2011ರಲ್ಲಿ ವಿಮಾ ಕಂಪನಿಯೊಂದರ ವಿಡಿಯೊದಲ್ಲಿ ಕೋಳಿ ಕರಿಯಲು ಹೋಗಿ ಸುಟ್ಟುಕೊಂಡ ಕತೆ ಹೇಳಿ ಎಚ್ಚರಿಸಿದ್ದರು.

ಈ ಜ್ವಾಲೆಗೆ ಕಾರಣ ಎಣ್ಣೆಯ ಜಾತಿಯಲ್ಲ, ನೀರು. ನೀರು ಆವಿಯಾದರೆ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಕೋಳಿಯ ಹೊಟ್ಟೆಯೊಳಗೆ ಒಂದು ಲೋಟದಷ್ಟು ಹಿಮ ಉಳಿದಿದ್ದರೂ ಸಾಕು, ಆ ಆವಿ ಎಣ್ಣೆಯನ್ನು ಮೇಲಕ್ಕೆ ತಳ್ಳುತ್ತದೆ. ಅಂಚಿನಿಂದ ಉಕ್ಕಿದ ಎಣ್ಣೆ ಕೆಳಗಿನ ಉರಿಗೆ ಬೀಳುತ್ತದೆ. ಹಾಲು ಉಕ್ಕಿ ಒಲೆ ಕೆಡಿಸುವುದನ್ನು ಎಲ್ಲರೂ ಕಂಡಿದ್ದಾರೆ. ಇಲ್ಲಿ ಉಕ್ಕಿದ್ದು ಒಲೆಯನ್ನು ಆರಿಸುವುದಿಲ್ಲ, ಇನ್ನಷ್ಟು ಉರಿಸುತ್ತದೆ. ಬಾಟಲಿಯ ಮೇಲೆ 230 ಎಂದಿದ್ದರೂ ಅಷ್ಟೆ, 250 ಎಂದಿದ್ದರೂ ಅಷ್ಟೆ. ಫ್ರಿಜ್ಜಿನಲ್ಲಿಟ್ಟರೆ ನಾಲ್ಕೈದು ಪೌಂಡಿಗೆ ಒಂದು ದಿನದಂತೆ ಹಿಮ ಕರಗುತ್ತದೆ. ಅಂದರೆ ಐದೂವರೆ ಕಿಲೋ ಕೋಳಿಯನ್ನು ಸೋಮವಾರವೇ ಕೆಳಗಿಳಿಸಬೇಕು. ಎಣ್ಣೆ ಎಷ್ಟೆಂದು ತಿಳಿಯಲು ಪ್ಲಾಸ್ಟಿಕ್ ಬಿಚ್ಚದ ಕೋಳಿಯನ್ನೇ ಖಾಲಿ ಹಂಡೆಯಲ್ಲಿಟ್ಟು, ಅದರ ಮೇಲೆ ಎರಡು ಬೆರಳು ಬರುವಷ್ಟು ನೀರು ಹಾಕಿ, ಕೋಳಿ ಎತ್ತಿದ ಮೇಲೆ ನೀರು ನಿಲ್ಲುವ ಮಟ್ಟಕ್ಕೆ ಗುರುತು ಹಾಕಬೇಕು. ಎಣ್ಣೆ ಆ ಗೆರೆ ದಾಟಕೂಡದು. ಆಮೇಲೆ ಹಂಡೆಯಲ್ಲೂ ಕೋಳಿಯಲ್ಲೂ ನೀರಿನ ಪಸೆ ಉಳಿಯದಂತೆ ಒರೆಸಬೇಕು. ಇಳಿಸುವಾಗ ಉರಿ ಆರಿಸಿರಬೇಕು. ಹಿಟ್ಟಿನ ಚೂರು ಬಿಟ್ಟು ಎಣ್ಣೆಯ ಹದ ನೋಡುವ ಅಜ್ಜಿಯ ಉಪಾಯ ಚಕ್ಕುಲಿಗೆ ಸರಿ. ಇಲ್ಲಿ ಥರ್ಮಾಮೀಟರ್ ಬೇಕೇ ಬೇಕು. ಎಷ್ಟೋ ಗ್ಯಾಸ್ ಬರ್ನರ್‌ಗಳಲ್ಲಿ ಬಿಸಿ ಮಿತಿ ಮೀರಿದಾಗ ತಾನಾಗಿ ಆರುವ ವ್ಯವಸ್ಥೆಯೇ ಇಲ್ಲ. ಮನೆಯ ಗೋಡೆಯಿಂದ ದೂರ, ಮರದ ಜಗಲಿಯ ಮೇಲಲ್ಲ, ಸಮತಟ್ಟು ನೆಲದ ಮೇಲೆ ಒಲೆ. ಕೋಳಿ ಬೆಂದಿತೆನ್ನಲು ಮಾಂಸದ ಒಳಗೆ 74 ಡಿಗ್ರಿ ಮುಟ್ಟಬೇಕು. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಎರಚಬಾರದು.

ಕೋಳಿ ಎತ್ತಿ ಎಣ್ಣೆ ಸೋರಿಸಿ ಒಳಗೊಯ್ದ ಮೇಲೆ ಹಿತ್ತಿಲಲ್ಲಿ ಉಳಿಯುವುದು ಹಂಡೆ. ಎಣ್ಣೆ ಆಯ್ಕೆಯ ನಿಜವಾದ ಪರೀಕ್ಷೆ ಇಲ್ಲಿದೆ. ಕೋಳಿ ಹೀರಿಕೊಂಡದ್ದು ತೀರಾ ಸ್ವಲ್ಪ. ಉಳಿದ ಹತ್ತು ಹನ್ನೆರಡು ಲೀಟರ್ ತಣಿದು, ಮಸಾಲೆಯ ಚೂರು ತಳದಲ್ಲಿ ಕೂತು, ಯಾರಾದರೂ ಏನಾದರೂ ಮಾಡಲಿ ಎಂದು ಕಾಯುತ್ತಿರುತ್ತದೆ. ಎರಡನೇ ಸಲ, ಮೂರನೇ ಸಲ ಬಳಸುವ ಮನೆಯಾದರೆ ಕಡಲೆಕಾಯಿ ಎಣ್ಣೆಗೆ, ಓಲಿಕ್ ಹೆಚ್ಚಿರುವ ಎಣ್ಣೆಗೆ ಕೊಟ್ಟ ಹೆಚ್ಚಿನ ಹಣ ವಸೂಲಾಗುತ್ತದೆ. ಬಟ್ಟೆಯಲ್ಲಿ ಸೋಸಿ, ಮುಚ್ಚಿ, ತಣ್ಣಗೆ ಇಟ್ಟರೆ ಅದು ಒಂದೆರಡು ತಿಂಗಳು ತಾಳುತ್ತದೆ. ಫ್ರಿಜ್ಜಿನಲ್ಲಿ ಮಬ್ಬಾದರೂ ಕೆಟ್ಟಿತೆಂದಲ್ಲ. ಒಂದೇ ಬಾರಿಗೆ ಬಳಸಿ ಬಿಡುವವರು ದುಬಾರಿ ಎಣ್ಣೆ ಸುರಿದರೆ ಆ ಗಟ್ಟಿತನಕ್ಕೆ ಕೆಲಸವೇ ಸಿಗುವುದಿಲ್ಲ. ಅವರಿಗೆ ಹೊಸದಾದ, ರಿಫೈನ್ ಆದ ಕನೋಲಾವೋ ಸೋಯಾವೋ ಧಾರಾಳ ಸಾಕು. ಆ ಮುಕ್ಕಾಲು ಗಂಟೆಯಲ್ಲಿ ಲಿನೊಲೆನಿಕ್ ಆಮ್ಲಕ್ಕೆ ಊಟ ಕೆಡಿಸುವಷ್ಟು ಸಮಯವಿಲ್ಲ.

ಟೆಕ್ಸಸ್ಸಿನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುವ ಕನ್ನಡದ ಮನೆಗೆ ಇನ್ನೊಂದು ಲೆಕ್ಕವೂ ಇದೆ. ಒಂದೇ ಮನೆಯಲ್ಲಿ ಅಳಿಯ ಕೋಳಿ ತಿನ್ನುತ್ತಾನೆ, ಅತ್ತೆ ಈರುಳ್ಳಿಯನ್ನೂ ಯೋಚಿಸಿ ಮುಟ್ಟುತ್ತಾರೆ. ಒಲೆ ಹೇಗೂ ಹೊತ್ತಿದೆ, ಎಣ್ಣೆ ಹೇಗೂ ಕಾದಿದೆ. ಅಂಬೊಡೆ, ಕೋಡುಬಳೆ, ಮೆಣಸಿನಕಾಯಿ ಬಜ್ಜಿ ಮೊದಲು ಕರಿದು ತೆಗೆದು, ಆಮೇಲೆ ಕೋಳಿ ಇಳಿಸಿದರೆ ಒಂದೇ ಎಣ್ಣೆ ಇಬ್ಬರಿಗೂ ಆಗುತ್ತದೆ. ಕ್ರಮ ತಿರುಗಿದರೆ ಎಣ್ಣೆ ಎಷ್ಟೇ ಒಳ್ಳೆಯದಿರಲಿ, ಅತ್ತೆಯ ಪಾಲಿಗೆ ಅದು ಮುಗಿದ ಹಾಗೆ.

ಎಷ್ಟು ಸಲ ಬಳಸಬಹುದು ಎಂಬ ಪ್ರಶ್ನೆಗೆ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಒಂದು ಅಳತೆ ಕೊಟ್ಟಿದೆ. ಕೆಟ್ಟ ಎಣ್ಣೆಯಲ್ಲಿ ಹುಟ್ಟುವ ಪೋಲಾರ್ ಸಂಯುಕ್ತಗಳು ಶೇ 25 ದಾಟಿದರೆ ಅದು ಅಡುಗೆಗೆ ಸಲ್ಲದು. ಮನೆಯಲ್ಲಿ ಆ ಅಳತೆಯ ಯಂತ್ರ ಇರುವುದಿಲ್ಲ. ಕಣ್ಣು, ಮೂಗು ಇವೆ: ಬಣ್ಣ ಕಪ್ಪಾದರೆ, ನೊರೆ ಆರದಿದ್ದರೆ, ಜಿಗುಟಾದರೆ, ಕಮಟು ಬಂದರೆ, ಮೊದಲಿಗಿಂತ ಬೇಗ ಹೊಗೆಯಾಡಿದರೆ ಚೆಲ್ಲುವ ಕಾಲ ಬಂದಿದೆ.

ಚೆಲ್ಲುವುದು ಎಲ್ಲಿಗೆ? ಸಿಂಕಿಗಂತೂ ಅಲ್ಲ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಬಳಿಯ ಚರಂಡಿಯಲ್ಲಿ ಸಿಕ್ಕ ಜಿಡ್ಡಿನ ಗಡ್ಡೆ 250 ಮೀಟರ್ ಉದ್ದ, 130 ಟನ್ ತೂಕವಿತ್ತು. ಒರೆಸುವ ಕಾಗದಗಳ ಜೊತೆ ಅದರಲ್ಲಿ ಗಟ್ಟಿಗೊಂಡು ಕೂತದ್ದು ಅಡುಗೆಮನೆಗಳು ತಣ್ಣಗೆ ಸುರಿದ ಕೊಬ್ಬು. ಅದೇ ಎಣ್ಣೆಯಿಂದ ಜೈವಿಕ ಡೀಸೆಲ್ ಮಾಡಬಹುದು, ಮಾಡುತ್ತಲೂ ಇದ್ದಾರೆ. ಅಮೆರಿಕದ ಹಲವು ನಗರಗಳು ಹಬ್ಬದ ಮಾರನೆಯ ದಿನಗಳಲ್ಲಿ ಬಳಸಿದ ಎಣ್ಣೆ ಸಂಗ್ರಹಿಸುತ್ತವೆ. ಎಲ್ಲ ಊರುಗಳಲ್ಲೂ ಆ ಅನುಕೂಲವಿಲ್ಲ. ಇರುವ ಊರಲ್ಲೂ ಜಾಗ ಹುಡುಕಿಕೊಂಡು ಹೋಗುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಬದಲಾಗಬೇಕಾದದ್ದು ಇದು. ನವೆಂಬರಿನಲ್ಲಿ ಮೂರು ಗ್ಯಾಲನ್ನಿನ ಕ್ಯಾನನ್ನು ಬಾಗಿಲಲ್ಲೇ ಪೇರಿಸಿ ಮಾರುವ ಅಂಗಡಿ, ಡಿಸೆಂಬರಿನಲ್ಲಿ ಅದೇ ಬಾಗಿಲಲ್ಲಿ ಅದೇ ಕ್ಯಾನನ್ನು ವಾಪಸ್ ತೆಗೆದುಕೊಳ್ಳಬೇಕು. ತಂದವರಿಗೆ ಮುಂದಿನ ಖರೀದಿಯಲ್ಲಿ ಒಂದೆರಡು ಡಾಲರ್ ಬಿಟ್ಟರೂ ಸಾಕು. ಕ್ಯಾನಿನ ಮೇಲೆ ಹೊಗೆಯಾಡುವ ಅಂಕಿಯನ್ನು ದಪ್ಪಕ್ಷರದಲ್ಲಿ ಅಚ್ಚುಹಾಕುವ ಕಂಪನಿಗಳು ಅಷ್ಟೇ ದಪ್ಪಕ್ಷರದಲ್ಲಿ ಮೂರು ಮಾತು ಸೇರಿಸಲಿ: ರಿಫೈನ್ಡ್ ಹೌದೋ ಅಲ್ಲವೋ, ಯಾವ ಎಣ್ಣೆಗಳ ಮಿಶ್ರಣ, ಬಳಸಿದ ಮೇಲೆ ಎಲ್ಲಿ ಕೊಡಬೇಕು. ಭಾರತವೂ ಈ ವಿಷಯದಲ್ಲಿ ಅಮೆರಿಕಕ್ಕೆ ಪಾಠ ಹೇಳುವ ಸ್ಥಿತಿಯಲ್ಲಿಲ್ಲ. ಬಳಸಿದ ಎಣ್ಣೆಯನ್ನು ಡೀಸೆಲ್ ಮಾಡುವ ಯೋಜನೆ 2018ರಿಂದ ಇದೆ, ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಕರಿಯಲು ಬಳಸುವ ಹೋಟೆಲು, ಕಾರ್ಖಾನೆಗಳು ಲೆಕ್ಕ ಇಡಬೇಕೆಂಬ ನಿಯಮವೂ ಇದೆ. ದೀಪಾವಳಿಯ ಮಾರನೆಯ ದಿನ ಮನೆಮನೆಯ ಬಾಣಲೆಯಲ್ಲಿ ಉಳಿಯುವ ಒಂದೆರಡು ಲೀಟರ್ ಆ ಲೆಕ್ಕಕ್ಕೆ ಬರುವುದೇ ಇಲ್ಲ.

ಅಲ್ಲಿಯವರೆಗೆ ಮನೆಯವರೇ ಮಾಡಿಕೊಳ್ಳಬಹುದಾದ ಏರ್ಪಾಡು ಇಷ್ಟು. ಅಂಗಡಿಗೆ ಹೊರಡುವ ಮೊದಲು ಅತಿಥಿಗಳಿಗೆ ಫೋನ್ ಮಾಡಿ ಅಲರ್ಜಿ ವಿಚಾರಿಸುವುದು. ಎಣ್ಣೆಯನ್ನು ಎಷ್ಟು ಸಲ ಬಳಸುತ್ತೇವೆ ಎಂದು ತೀರ್ಮಾನಿಸಿ ಕ್ಯಾನು ಆರಿಸುವುದು, ಖಾಲಿ ಕ್ಯಾನನ್ನು ಎಸೆಯದೆ ಇಡುವುದು. ಶುಕ್ರವಾರ ಬೆಳಿಗ್ಗೆ ಎಣ್ಣೆ ಪೂರ್ತಿ ತಣಿದಿರುತ್ತದೆ. ಆಗ ಹಳೆಯ ಪಂಚೆಯ ತುಂಡೊಂದನ್ನು ಆಲಿಕೆಗೆ ಹಾಸಿ, ಹಂಡೆಯಿಂದ ಅದೇ ಕ್ಯಾನಿಗೆ ನಿಧಾನವಾಗಿ ಸೋಸಿ, ಮುಚ್ಚಳ ಬಿಗಿದು, ಮೇಲೆ ದಪ್ಪ ಪೆನ್ನಿನಲ್ಲಿ ತಾರೀಖು ಬರೆಯುವುದು. ಮನೆಯಲ್ಲಿ ಸಸ್ಯಾಹಾರಿಗಳಿದ್ದರೆ ತಾರೀಖಿನ ಕೆಳಗೆ ‘ಕೋಳಿ ಕರಿದದ್ದು’ ಎಂಬ ಎರಡು ಪದವನ್ನೂ.